ತನಿಯಣ್ಣ ಹೇಳಿದ ಕೊನೆಗಳು

ಸಿನಿಮಾಗಳನ್ನು ನಿರ್ದೇಶಕರ ಹೆಸರಿನ ಮೇಲೆ ಗುಂಪು ಮಾಡಬೇಕೋ, ವಿಷಯದ ಮೇಲೆ ಗುಂಪು ಮಾಡಬೇಕೋ ಎಂಬ ಬಗ್ಗೆ ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆಯ ಒಂದು ಫ್ಲಾಟಿನಲ್ಲಿ ಎರಡು ವರ್ಷದಿಂದ ಜಗಳ ನಡೆಯುತ್ತಿದೆ. ಒಂದು ಕಡೆ ಜಲೀಲಾಕ, ಇನ್ನೊಂದು ಕಡೆ ನಾನು. ಇಬ್ಬರಲ್ಲಿ ಸರಿ ನಾನೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕತೆಯ ಗಡಿಬಿಡಿಯಲ್ಲಿ ಮರೆತುಹೋದರೆ ಕಷ್ಟ.

ಫ್ಲಾಟು ಜಲೀಲಾಕನದು. ಅವರಿಗೆ ಮನೆ, ಆಫೀಸುಗಳಿಗೆ ಪರದೆ ಹೊಲಿಸಿಕೊಡುವ ಅಂಗಡಿಯಿದೆ. ಅಲ್ಲಿಂದ ತಂದ ಬಿಳಿ ಬಟ್ಟೆಯನ್ನು ಹಾಲಿನ ಗೋಡೆಗೆ ಬಿಗಿದು ಪ್ರೊಜೆಕ್ಟರ್ ಹಚ್ಚಿದರೆ ಅದೇ ನಮ್ಮ ಟಾಕೀಸು. ಶುಕ್ರವಾರ ಜುಮಾ ನಮಾಜು ಮುಗಿದು, ಊಟವಾಗಿ, ಒಂದು ಕೋಳಿನಿದ್ದೆ ತೆಗೆದ ಮೇಲೆ ನಾವು ಹದಿನೈದಿಪ್ಪತ್ತು ಜನ ಅಲ್ಲಿ ಸೇರುತ್ತೇವೆ. ಎಲ್ಲರೂ ದಕ್ಷಿಣ ಕನ್ನಡದವರು. ಮನೆಯಲ್ಲಿ ಕೆಲವರದು ಬ್ಯಾರಿ, ಕೆಲವರದು ತುಳು, ಕೆಲವರದು ಕೊಂಕಣಿ. ಜಗಳಕ್ಕೆ ಮಾತ್ರ ಎಲ್ಲರಿಗೂ ಕನ್ನಡ. ತಿಂಗಳಿಗೆ ಮೂರು ಸಿನಿಮಾಗಳ ಒಂದು ಕಟ್ಟು. ಮೂರು ಶುಕ್ರವಾರ ನೋಡುವುದು, ನಾಲ್ಕನೆಯ ಶುಕ್ರವಾರ ಮೂರನ್ನೂ ಪಕ್ಕಪಕ್ಕ ಇಟ್ಟು ತೂಗಿ, ಮುಂದಿನ ತಿಂಗಳ ಕಟ್ಟು ಆರಿಸುವುದು.

ನಾನು ಕಟ್ಟಿದ ಕಟ್ಟುಗಳೆಲ್ಲ ಗೆದ್ದಿವೆ. ‘ಹೀರೋಗಿಂತ ಅವನ ಗೆಳೆಯನೇ ವಾಸಿ ಎನಿಸುವ ಸಿನಿಮಾಗಳು’ ಎಂದು ಮಾಡಿದಾಗ ಸರಕು ಎಷ್ಟು ಸಿಕ್ಕಿತೆಂದರೆ ಒಂದು ತಿಂಗಳು ಸಾಲಲಿಲ್ಲ. ‘ಅತ್ತೆ ಒಳ್ಳೆಯವಳಾಗಿರುವ ಸಿನಿಮಾಗಳು’ ಸ್ವಲ್ಪ ತೊಂದರೆ ಕೊಟ್ಟಿತು, ನಿಜ. ಎರಡೇ ಸಿಕ್ಕಿದವು, ಮೂರನೆಯದರಲ್ಲಿ ಅತ್ತೆ ಒಳ್ಳೆಯವಳೇ, ಆದರೆ ಹೆಸರು ತೋರಿಸಿ ಮುಗಿಯುವ ಮೊದಲೇ ತೀರಿಕೊಳ್ಳುತ್ತಾಳೆ. ಜಲೀಲಾಕ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾರೆ.

"ವಿಷಯ ಅಂದ್ರೆ ಎಂತ ಶರ್ಮಿಳಾ? ಬಿರಿಯಾನಿಗೆ ಅಕ್ಕಿ, ಮಾಂಸ ಎಲ್ಲರ ಮನೆಯಲ್ಲೂ ಒಂದೇ. ಕೈ ಯಾರದ್ದು ಅಂತ ಕೇಳ್ಬೇಕು. ಸಿನಿಮಾದ ಕೈ ಅಂದ್ರೆ ಡೈರೆಕ್ಟರ್. ಖಲಾಸ್."

"ಕೈ ನಫೀಸಕ್ಕನದ್ದು, ಮಾತು ಮಾತ್ರ ನಿಮ್ಮದು" ಎಂದು ನಾನು ಹೇಳುತ್ತೇನೆ. ಆಗ ಎಲ್ಲರೂ ನಗುತ್ತಾರೆ, ಯಾಕೆಂದರೆ ಅದು ದೋಹಾದ ಊರವರಿಗೆಲ್ಲ ಗೊತ್ತಿರುವ ವಿಷಯ. ಜಲೀಲಾಕನ ಹೆಂಡತಿ ನಫೀಸಕ್ಕ ಅಲ್ ರಯ್ಯಾನಿನಲ್ಲಿ ಹೋಟೆಲು ನಡೆಸುತ್ತಾರೆ. ‘ಆಚೆಕರೆ’ ಅಂತ ಹೆಸರು. ಮನೆಯ ಅಡುಗೆಮನೆಯಿಂದ ಬುತ್ತಿ ಕಟ್ಟಿ ಕೊಡುತ್ತಾ ಶುರು ಮಾಡಿದವರು, ಈಗ ಅಲ್ಲಿ ಶುಕ್ರವಾರ ಮಧ್ಯಾಹ್ನ ಕೂರಲು ಜಾಗ ಸಿಗುವುದಿಲ್ಲ. ಹೊಳೆಯೂ ಇಲ್ಲದ ಈ ಮರಳಿನಲ್ಲಿ ಆಚೆಕರೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ಜಲೀಲಾಕ, "ರಸ್ತೆಯ ಆಚೆ ಕಡೆ ಉಂಟಲ್ಲ, ಅದಕ್ಕೆ" ಎನ್ನುತ್ತಾರೆ. ನಫೀಸಕ್ಕ ಕೇಳಿದವರ ತಟ್ಟೆಗೆ ಇನ್ನೊಂದು ತುಂಡು ಮೀನು ಬಡಿಸುತ್ತಾರೆ.

ಇನ್ನು ನಮ್ಮ ಟಾಕೀಸಿನಲ್ಲಿ ಕೈ ಇರುವ ಕುರ್ಚಿ ಒಂದೇ, ಅದು ತನಿಯಣ್ಣನದು. ಎಲ್ಲರಿಗೂ ಅವರು ತನಿಯಣ್ಣ, ನನಗೆ ಮಾಮ, ಅಮ್ಮನ ತಮ್ಮ. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಅವರು ಇದೇ ಓಲ್ಡ್ ಏರ್‌ಪೋರ್ಟಿನ ಗಲ್ಲಿಯೊಂದರಲ್ಲಿ ವೀಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದರು. ಕನ್ನಡ ಸಿನಿಮಾ ಬೇಕೆಂದರೆ ಊರವರು ಅಲ್ಲಿಗೇ ಬರಬೇಕಿತ್ತು. ಈಗ ಅದೇ ಅಂಗಡಿಯಲ್ಲಿ ಮೊಬೈಲಿನ ಕವರು, ಚಾರ್ಜರು ಮಾರುತ್ತಾರೆ. ಆದರೂ ಯಾವ ಹಳೆಯ ಸಿನಿಮಾದ ಮಾತು ಬಂದರೂ ಜನ ಅವರತ್ತಲೇ ತಿರುಗುತ್ತಾರೆ. ನಾನು ಮದುವೆಯಾಗಿ ಬರುವಷ್ಟರಲ್ಲಿ ಕ್ಯಾಸೆಟ್ಟಿನ ಕಾಲ ಮುಗಿದಿತ್ತು. ಆ ಅಂಗಡಿಯ ವೈಭವವನ್ನು ನಾನು ಬರೀ ಕೇಳಿದವಳು, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ ಕೇಳಿದವಳು.

ಗಲಾಟೆ ಶುರುವಾದದ್ದು ಹೋದ ತಿಂಗಳು, ಕಟ್ಟು ಆರಿಸುವ ಶುಕ್ರವಾರ. ಸರದಿ ಜಲೀಲಾಕನದಾಗಿತ್ತು. ಅವರು ಎದ್ದು ನಿಂತು ಗಂಟಲು ಸರಿಮಾಡಿಕೊಂಡು, "ಈ ಸಲ ಇನ್ನಂಜೆ" ಎಂದರು.

ಪರಮೇಶ್ವರ ಇನ್ನಂಜೆ ನಮ್ಮ ಕಡೆಯ ನಿರ್ದೇಶಕರು. ಜೀವಮಾನದಲ್ಲಿ ಮೂರೇ ಸಿನಿಮಾ ಮಾಡಿ ತೀರಿಕೊಂಡರು: ‘ಉಪ್ಪಿನ ಚೀಲ’, ‘ಹಂಚಿನ ಕಾರ್ಖಾನೆ’, ‘ಎರಡನೇ ಪಂಕ್ತಿ’. ಮೂರೂ ಕಟ್ಟು ಕಟ್ಟಲಿಕ್ಕೇ ಮಾಡಿದಂತಿವೆ.

"ಇನ್ನಂಜೆಯನ್ನು ಆ ತುಂಬೆಮನೆ ಮಂಜಪ್ಪನ ಪಕ್ಕ ಇಟ್ಟು ನೋಡಿ" ಎಂದು ಜಲೀಲಾಕ ಶುರುಮಾಡಿದರು. "ಮಂಜಪ್ಪನ ಸಿನಿಮಾದಲ್ಲಿ ಎಂತ ಉಂಟು? ಮಳೆ. ಪ್ರೀತಿಗೂ ಮಳೆ, ಸಾವಿಗೂ ಮಳೆ, ಅಡುಗೆಮನೆಯ ಒಳಗೂ ಮಳೆ. ಇನ್ನಂಜೆ ಹಾಗಲ್ಲ. ಅವರ ಸಿನಿಮಾದಲ್ಲಿ ಯಾರಾದ್ರೂ ಒಬ್ಬ ಭಾರ ಹೊರ್ತಾನೆ. ಒಂದರಲ್ಲಿ ಉಪ್ಪು, ಒಂದರಲ್ಲಿ ಹಂಚು, ‘ಎರಡನೇ ಪಂಕ್ತಿ’ಯಲ್ಲಿ ಹೆಂಡತಿಯ ಪೆಟ್ಟಿಗೆ. ತಪ್ಪು ಮಾಡಿದ ಗಂಡ ಓಡಿಬಂದು ಆ ಪೆಟ್ಟಿಗೆಯನ್ನು ತಲೆ ಮೇಲೆ ಹೊತ್ತು ವಾಪಸ್ ನಡೀತಾನಲ್ಲ, ಆ ಕೊನೆ ಉಂಟಲ್ಲ, ಅಂಥ ಕೊನೆ ಇಡೀ ಇಂಡಿಯಾದಲ್ಲಿ ಯಾರೂ ತೆಗೀಲಿಲ್ಲ."

ನೋಡದವರಿಗಾಗಿ ಕತೆ ಹೇಳುತ್ತೇನೆ. ದೇವಕಿ ಮತ್ತು ಅವಳ ಗಂಡ ಮದುವೆಮನೆಗಳಿಗೆ ಅಡುಗೆ ಮಾಡುವವರು. ಅಡುಗೆ ಅವಳದು, ಹೆಸರು ಅವನದು. ಊರಿಗೆಲ್ಲ ಉಣ್ಣಿಸಿ ಅವಳು ಎಲೆ ಹಾಕಿಕೊಳ್ಳುವುದು ಎಲ್ಲರ ಕೊನೆಗೆ, ಸಾರಿನ ಪಾತ್ರೆ ತಳ ಕಂಡ ಮೇಲೆ. ಒಂದು ದಿನ ರೋಸಿಹೋಗಿ ಪೆಟ್ಟಿಗೆ ಎತ್ತಿಕೊಂಡು ಹೊಳೆ ದಾಟುವ ಕಡವಿಗೆ ಬರುತ್ತಾಳೆ. ದೋಣಿಯವನು ಕೇಳುತ್ತಾನೆ, "ಹತ್ತುದಾ ಅಮ್ಮ, ಇಲ್ವಾ?"

"ಎಂತ ಪೆಟ್ಟಿಗೆ ಹೊರುದು ಜಲೀಲ್?" ಎಂದು ಮೂಲೆಯಿಂದ ರೋಸ್‌ಮೇರಿ ಕೇಳಿದರು. ಅವರು ಇಲ್ಲಿ ನರ್ಸ್ ಆಗಿ ಕೂದಲು ಬೆಳ್ಳಗಾಗಿಸಿಕೊಂಡವರು, ಸಿನಿಮಾವನ್ನು ಎಷ್ಟು ಕರವಸ್ತ್ರ ಒದ್ದೆಯಾಯಿತು ಎಂಬುದರ ಮೇಲೆ ತೂಗುವವರು. "ಗಂಡ ಬರುದೇ ಇಲ್ಲ. ಆ ದೋಣಿಯವನು ಅವಳ ಅಣ್ಣ. ಹತ್ತು ವರ್ಷದಿಂದ ಮಾತು ಬಿಟ್ಟ ಅಣ್ಣ. ಅವನು ಮುಂಡಾಸು ತೆಗೆದಾಗ ಅವಳಿಗೆ ಗುರ್ತ ಸಿಗ್ತದೆ. ನನಗೆ ಈಗಲೂ ಅಳು ಬರ್ತದೆ."

"ಅಣ್ಣನಾ? ದೋಣಿಯವನಾ? ನೀವು ಬೇರೆ ಸಿನಿಮಾ ನೋಡಿದ್ದು."

"ನೀವೇ ಬೇರೆ ನೋಡಿದ್ದು ಮಾರಾಯ್ರೆ!"

ಅಡುಗೆಮನೆಯ ಬಾಗಿಲಲ್ಲಿ ಇಲ್ಲಿಯ ಗಟ್ಟಿ ಹಾಲಿನ ಕರಕ್ ಚಹಾದ ತಟ್ಟೆ ಹಿಡಿದು ನಿಂತಿದ್ದ ನಫೀಸಕ್ಕ ಇಬ್ಬರನ್ನೂ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡರು. ಅದು ಕೆಮ್ಮು ಎಂದುಕೊಂಡೆ. ಅಷ್ಟರಲ್ಲಿ ಎಲ್ಲರೂ ರೂಢಿಯಂತೆ ಕೈ ಇರುವ ಕುರ್ಚಿಯತ್ತ ತಿರುಗಿದ್ದರು. "ಹೇಳಿ ತನಿಯಣ್ಣ, ನಮಗೆ ಕ್ಯಾಸೆಟ್ ಕೊಟ್ಟದ್ದು ನೀವೇ ಅಲ್ವಾ. ಯಾವುದು ಸರಿ?"

ಮಾಮ ಚಹಾ ಊದಿದರು. ಚಹಾ ಆಗಲೇ ತಣ್ಣಗಾಗಿತ್ತು. "ಇನ್ನಂಜೆ ಆಳವಾದ ಮನುಷ್ಯ" ಎಂದು ಮಾತ್ರ ಹೇಳಿದರು.

ನನಗೋ, ಜಗಳ ಕಂಡರೆ ತುಪ್ಪ ಸುರಿಯದೆ ಇರಲು ಆಗುವುದಿಲ್ಲ. "ಇಷ್ಟಕ್ಕೆಲ್ಲ ಯಾಕೆ? ಇನ್ನಂಜೆಯವರ ಮಗಳು ಮೂರೂ ಸಿನಿಮಾಗಳನ್ನು ಚೊಕ್ಕ ಮಾಡಿಸಿ ಯೂಟ್ಯೂಬಿಗೆ ಹಾಕಿದ್ದಾಳೆ. ಪೂರ್ತಿ ಪ್ರಿಂಟು. ಮುಂದಿನ ಶುಕ್ರವಾರ ‘ಎರಡನೇ ಪಂಕ್ತಿ’ಯೇ ಮೊದಲು ನೋಡುವ, ಯಾರು ಗೆದ್ದದ್ದು ಅಂತ ಗೊತ್ತಾಗ್ತದೆ" ಎಂದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಮ ಮಾತ್ರ ಲೋಟ ಕೆಳಗಿಟ್ಟು ಚಪ್ಪಲಿ ಹುಡುಕತೊಡಗಿದರು.

ಮಾಮನನ್ನು ಮನೆಗೆ ಬಿಡುವುದು ಯಾವಾಗಲೂ ನಾನೇ. ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡವರು ಎರಡು ಸಿಗ್ನಲ್ ದಾಟಿದ ಮೇಲೆ ಮಾತು ತೆಗೆದರು. ಅವರು ಆಡಿದ್ದೆಲ್ಲ ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಆ ಯೂಟ್ಯೂಬು ಹಾಳಾಗ್ತದಾ ಮಗಾ? ಒಂದು ವಾರಕ್ಕೆ ಸಾಕು."

"ಯಾಕೆ ಮಾಮ?"

"ನಾನು ಆ ಸಿನಿಮಾದ ಕೊನೆ ನೋಡ್ಲೇ ಇಲ್ಲ."

ಹಿಂದಿನ ಟ್ಯಾಕ್ಸಿಯವನು ಹಾರ್ನ್ ಬಾರಿಸಿದಾಗಲೇ ಸಿಗ್ನಲ್ ಹಸಿರಾದದ್ದು ನನಗೆ ತಿಳಿದದ್ದು. ಕಾರನ್ನು ಪಕ್ಕದ ಕಿರಾಣಿ ಅಂಗಡಿಯ ಎದುರು ನಿಲ್ಲಿಸಿ, "ಪೂರ್ತಿ ಹೇಳಿ" ಎಂದೆ.

ಊರಲ್ಲಿ ಮಾಮನ ಗೆಳೆಯನೊಬ್ಬ ಟೀವಿಯಲ್ಲಿ ಬರುವ ಕನ್ನಡ ಸಿನಿಮಾಗಳನ್ನು ರೆಕಾರ್ಡ್ ಮಾಡಿ, ಬರುವವರ ಕೈಯಲ್ಲಿ ಕಳಿಸುತ್ತಿದ್ದನಂತೆ. ಸಿನಿಮಾ ಉದ್ದ, ಕ್ಯಾಸೆಟ್ಟು ಗಿಡ್ಡ. ನಡುವೆ ಸೋಪಿನ ಜಾಹೀರಾತು, ವಾರ್ತೆ, ಎಲ್ಲವೂ ಅದರಲ್ಲೇ ಸೇರಿಕೊಳ್ಳುತ್ತಿತ್ತು. ಹಾಗಾಗಿ ಕ್ಯಾಸೆಟ್ಟು ಮುಗಿದಲ್ಲಿಗೆ ಸಿನಿಮಾ ಮುಗಿಯುತ್ತಿತ್ತು. ಹೆಚ್ಚಿನವುಗಳಿಗೆ ಬಾಲವೇ ಇರಲಿಲ್ಲ. ಉದ್ದದ ಕ್ಯಾಸೆಟ್ ಹಾಕು ಎಂದು ಮಾಮ ಪತ್ರ ಬರೆದದ್ದಕ್ಕೆ ಅವನು, ಕತೆ ಅರ್ಥವಾಯಿತಲ್ಲ, ಇನ್ನೆಂತ ಬೇಕು ಎಂದು ಉತ್ತರ ಬರೆದನಂತೆ.

"ಜನ ಬಿಡ್ತಾರಾ? ಕ್ಯಾಸೆಟ್ ವಾಪಸ್ ಕೊಡುವಾಗ ಎಲ್ಲರದ್ದೂ ಒಂದೇ ಪ್ರಶ್ನೆ: ಕೊನೆಗೆ ಎಂತ ಆಯ್ತು ತನಿಯಣ್ಣ? ಗೊತ್ತಿಲ್ಲ ಅಂದ್ರೆ ಅಂಗಡಿ ಮುಚ್ಚಬೇಕು. ಅದಕ್ಕೆ ಹೇಳ್ತಿದ್ದೆ."

"ಸುಳ್ಳು?"

"ಕೊನೆ" ಎಂದು ಮಾಮ ತಿದ್ದಿದರು. "ಮುಖ ನೋಡಿ ಹೇಳ್ತಿದ್ದೆ. ಒಂದೊಂದು ಮುಖಕ್ಕೆ ಒಂದೊಂದು ಬೇಕಾಗ್ತದೆ. ಇಷ್ಟು ವರ್ಷ ಆದ ಮೇಲೆ ಈಗ ಅವರಿಗೆ ಅದು ತಾವೇ ನೋಡಿದ ಹಾಗೆ ಆಗಿದೆ. ಆ ರೋಸ್‌ಮೇರಿಗೆ ಆಗ ತಮ್ಮನ ಜೊತೆ ಮಾತಿರಲಿಲ್ಲ, ಯಾವಾಗಲೂ ಅದೇ ಹೇಳ್ತಿದ್ದಳು. ಅವಳಿಗೆ ಅಣ್ಣನನ್ನು ತಂದುಕೊಟ್ಟೆ. ಜಲೀಲ್ ಬಂದ, ಮುಖ ಮಾವಿನಕಾಯಿ ಉಪ್ಪಿನಕಾಯಿ ತಿಂದ ಹಾಗೆ. ಹೆಂಡತಿ ಊರಿಂದ ಬಂದು ನಾಲ್ಕು ತಿಂಗಳಾಗ್ಲಿಲ್ಲ, ವಾಪಸ್ ಹೋಗ್ತೇನೆ ಅಂತ ಪೆಟ್ಟಿಗೆ ಕಟ್ಟಿದ್ದಾಳೆ ಅಂದ. ಅವನಿಗೆ, ಗಂಡ ಪೆಟ್ಟಿಗೆ ಹೊರ್ತಾನೆ ಅಂದೆ. ಸ್ವಲ್ಪ ಬಗ್ಗಲಿ ಅಂತ."

ನಾನು ನಗಲಿಕ್ಕೆ ಶುರುಮಾಡಿದವಳು ನಿಲ್ಲಿಸಲಾರದೆ ಸ್ಟಿಯರಿಂಗ್ ಮೇಲೆ ತಲೆಯಿಟ್ಟೆ. ಮಾಮ ನಗಲಿಲ್ಲ.

"ನಗಬೇಡ. ಮರುದಿನ ನಫೀಸಾ ಬಂದಳು, ಪಕ್ಕದ ಅಂಗಡಿಗೆ ತೆಂಗಿನಕಾಯಿ ತರಲಿಕ್ಕೆ. ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಕೇಳಿದಳು, ದೇವಕಿಗೆ ಕೊನೆಗೆ ಎಂತ ಆಯ್ತು ಅಂತ. ಅತ್ತು ಅತ್ತು ಕಣ್ಣು ಇಷ್ಟು ದಪ್ಪ ಆಗಿತ್ತು. ನನಗೆ ಎಂತ ಹೇಳ್ಬೇಕು ಅಂತ ಹೊಳೀಲಿಲ್ಲ. ದೋಣಿ ಹತ್ತಿ ಆಚೆಕರೆಗೆ ಹೋದಳು, ಅಲ್ಲಿ ತನ್ನದೇ ಹೋಟೆಲ್ ಇಟ್ಟಳು, ಒಂದು ದಿನ ಗಂಡ ಬಂದು ಎರಡನೇ ಪಂಕ್ತಿಯಲ್ಲಿ ಕೂತು ಉಂಡ ಅಂತ ಹೇಳಿಬಿಟ್ಟೆ. ಹೋಟೆಲಿನ ಹೆಸರು ಆಚೆಕರೆ ಅಂತ ಸಹ ಹೇಳಿದೆ, ಬಾಯಿಗೆ ಬಂತು."

ನನ್ನ ನಗು ಅಲ್ಲಿಗೇ ನಿಂತಿತು.

"ಅವಳು ಅದನ್ನು ನಂಬಿ ಹೋಟೆಲ್ ಹಾಕಿದ್ದು ಮಗಾ. ದೊಡ್ಡ ಮನುಷ್ಯರೊಬ್ಬರು ಸಿನಿಮಾ ಮಾಡಿ ಹೇಳಿದ್ದು ಅಂತ ನಂಬಿದ್ದು. ಕ್ಯಾಸೆಟ್ ಅಂಗಡಿಯವ ಬಾಯಿಗೆ ಬಂದದ್ದು ಹೇಳಿದ ಅಂತ ಗೊತ್ತಾದ್ರೆ ಅವಳಿಗೆ ಹೇಗಾಗ್ತದೆ? ನನ್ನ ಮರ್ಯಾದೆ ಹೋದ್ರೆ ಹೋಗ್ಲಿ, ಆ ಕುರ್ಚಿ ಜಲೀಲನೇ ಇಟ್ಟುಕೊಳ್ಳಲಿ. ಆ ಬೋರ್ಡ್ ನೋಡುವಾಗ ಇನ್ನು ಅವಳಿಗೆ ನಾಚಿಕೆ ಆಗ್ಬಾರ್ದು."

ಶುಕ್ರವಾರ ತನಗೆ ಜ್ವರ ಬರುವುದೆಂದು ಮಾಮ ಆಗಲೇ ತೀರ್ಮಾನಿಸಿದ್ದರು. ಆದರೆ ಇಳಿಯುವಾಗ ಬಾಗಿಲು ಹಿಡಿದು ನಿಂತರು. "ನೀನು ಅದರ ಕೊನೆ ನೋಡಿದ್ದೀಯಾ?"

"ಇಲ್ಲ."

"ನೋಡ್ಬೇಡ. ನನಗಿಂತ ಮುಂಚೆ ನೋಡ್ಬೇಡ. ಇಷ್ಟು ವರ್ಷ ಆ ದೋಣಿಯವ ನನ್ನ ಹತ್ರ ಕೇಳ್ತಾ ಇದ್ದಾನೆ" ಎಂದರು.

ಮಾಮನನ್ನು ಉಳಿಸುವ ಕೆಲಸ ನನ್ನ ಮೇಲೆ ಬಿತ್ತು, ಬೆಂಕಿಗೆ ತುಪ್ಪ ಸುರಿದವಳೇ ನಾನಲ್ಲವೇ. ಮಾರನೆಯ ದಿನವೇ ಜಲೀಲಾಕನಿಗೆ ಫೋನ್ ಮಾಡಿ, ಈ ತಿಂಗಳು ‘ಹೋಟೆಲ್ ಇರುವ ಸಿನಿಮಾಗಳು’ ಮಾಡುವ, ನಫೀಸಕ್ಕನಿಗೂ ಖುಷಿಯಾಗುತ್ತದೆ ಎಂದೆ.

"ಸರದಿ ನನ್ನದು. ಇನ್ನಂಜೆ ಅಂದ್ರೆ ಇನ್ನಂಜೆ."

ಯೂಟ್ಯೂಬಿನ ಪ್ರಿಂಟಿನಲ್ಲಿ ಧ್ವನಿ ಸರಿಯಿಲ್ಲ ಎಂದೆ. ಅವರ ಮಗ ಹೊಸ ಸ್ಪೀಕರ್ ತಂದಿದ್ದಾನೆ ಎಂದರು. ಹಾಗಾದರೆ ಇನ್ನು ಮುಂದೆ ವರ್ಷಪೂರ್ತಿ ನಿರ್ದೇಶಕರ ಗುಂಪೇ ಮಾಡುವ, ನಾನು ಸೋತೆ, ಆದರೆ ಈ ತಿಂಗಳು ಮಾತ್ರ ಬೇಡ ಎಂದೆ. ಈ ಮಾತು ಹೇಳುವ ಕಷ್ಟ ಎಷ್ಟೆಂದು ನನಗೇ ಗೊತ್ತು. "ಶರ್ಮಿಳಾ, ನಿನಗೆ ಹುಷಾರಿಲ್ವಾ?" ಎಂದು ಜಲೀಲಾಕ ನಿಜವಾದ ಕಳವಳದಿಂದ ಕೇಳಿದರು. ಸಂಜೆ ನಫೀಸಕ್ಕ ನನಗೆಂದು ಮೆಣಸಿನ ಸಾರು ಕಳಿಸಿಕೊಟ್ಟರು.

ಶುಕ್ರವಾರ ಮಾಮನಿಗೆ ಜ್ವರ ಬರಲಿಲ್ಲ. ಕರೆಯಲು ಹೋದಾಗ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಅಂಗಡಿಯ ಎದುರು ನಿಂತಿದ್ದರು. "ಯಲ್ಲಾ, ಹೋಗುವ" ಎಂದು ತಾವೇ ಬಾಗಿಲು ತೆಗೆದು ಕೂತರು. ದಾರಿಯಲ್ಲಿ ಒಂದೇ ಮಾತು: ಎಲ್ಲ ಗೊತ್ತಾದ ಮೇಲೆ ತಾನೇ ಎದ್ದು ಹೇಳುತ್ತೇನೆ, ನೀನು ಬಾಯಿ ಹಾಕಬೇಡ. ಬಾಯಿ ಹಾಕಬೇಡ ಎಂದು ನನಗೆ ಹೇಳುವುದು ಸುಲಭ.

ಆ ದಿನ ಹಾಲ್ ತುಂಬಿತ್ತು. ಪಂದ್ಯದ ಸುದ್ದಿ ಹರಡಿ, ಪಕ್ಕದ ಬಡಾವಣೆ ಅಲ್ ಹಿಲಾಲಿನಿಂದಲೂ ಹೊಸಬರು ಬಂದಿದ್ದರು. ನಫೀಸಕ್ಕನೂ ಹೋಟೆಲನ್ನು ಹುಡುಗರಿಗೆ ಬಿಟ್ಟು ಬಂದು ಗಂಡನ ಪಕ್ಕ ಕೂತಿದ್ದರು. ಜಲೀಲಾಕ ದೀಪ ಆರಿಸಿದರು.

ಸಿನಿಮಾ ಚೆನ್ನಾಗಿಯೇ ಇದೆ. ಹಂಡೆ, ಸೌಟು, ಬೆವರು, ಮದುವೆಮನೆಯ ಗದ್ದಲ, ಎಲ್ಲರೂ ಎದ್ದುಹೋದ ಮೇಲೆ ಒಂದೇ ಎಲೆಯ ಮುಂದೆ ಕೂತ ದೇವಕಿ. ಜನ ಮಾತುಗಳನ್ನು ನಟರಿಗಿಂತ ಮೊದಲೇ ಹೇಳುತ್ತಿದ್ದರು. ಕೊನೆಗೆ ಕಡವು ಬಂತು, ದೋಣಿಯವ ಬಂದ. ಇಡೀ ಹಾಲ್ ಒಟ್ಟಿಗೆ ಕೂಗಿತು: "ಹತ್ತುದಾ ಅಮ್ಮ, ಇಲ್ವಾ?"

ಕ್ಯಾಸೆಟ್ಟು ಇಲ್ಲಿಗೇ ಮುಗಿಯುತ್ತಿತ್ತು. ನನ್ನ ಪಕ್ಕದಲ್ಲಿ ಮಾಮ ಕುರ್ಚಿಯ ಕೈಗಳನ್ನು ಹಿಡಿದುಕೊಂಡು ಮುಂದೆ ಬಾಗಿದ್ದರು.

ಪರದೆಯ ಮೇಲೆ ದೇವಕಿ "ನಿಲ್ಲು" ಎಂದಳು. ಪೆಟ್ಟಿಗೆಯನ್ನು ಮರಳಿನ ಮೇಲಿಟ್ಟು, ಅದರ ಮೇಲೆ ಕೂತು, ಸೆರಗಿನಿಂದ ಬಾಳೆಲೆಯ ಪೊಟ್ಟಣ ತೆಗೆದು ಬಿಚ್ಚಿದಳು. ಅನ್ನ, ಪಲ್ಯ, ಉಪ್ಪಿನಕಾಯಿ, ಒಂದು ಹೋಳಿಗೆ. ನಿಧಾನವಾಗಿ ಉಂಡಳು. ದೋಣಿಯವ ಬೀಡಿ ಹಚ್ಚಿದ. ಅವಳು ಹೊಳೆಯಲ್ಲಿ ಕೈ ತೊಳೆದಳು. ದೋಣಿ ಇನ್ನೂ ಅಲ್ಲೇ ಇತ್ತು. ಅಷ್ಟರಲ್ಲಿ ಹೆಸರುಗಳು ಬರಲು ಶುರುವಾದವು.

"ಮತ್ತೆ?" ಎಂದರು ಜಲೀಲಾಕ.

ಮತ್ತೆ ಏನೂ ಇರಲಿಲ್ಲ.

"ಊಟ ಮಾಡ್ಲಿಕ್ಕೆ ಅಷ್ಟು ದೂರ ಬಂದದ್ದಾ ಇವಳು? ಗಂಡ ಎಲ್ಲಿ? ಪೆಟ್ಟಿಗೆ ಹೊರುವವ ಎಲ್ಲಿ?"

"ಅಣ್ಣ ಎಲ್ಲಿ?" ಎಂದು ರೋಸ್‌ಮೇರಿ ಸಿದ್ಧವಾಗಿಟ್ಟುಕೊಂಡಿದ್ದ ಕರವಸ್ತ್ರವನ್ನು ಒಣಗಿದ್ದಂತೆಯೇ ಮಡಚಿದರು.

ಮಾಮ ಎದ್ದು ನಿಂತರು. ಹಾಗೆ ಎದ್ದು ನಿಂತು ಅವರು ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ. "ಅದೆಲ್ಲ ನಾನು ಮಾಡಿದ್ದು" ಎಂದರು. ಗಿಡ್ಡ ಕ್ಯಾಸೆಟ್ಟು, ಸೋಪಿನ ಜಾಹೀರಾತು, ಊರಿನ ಗೆಳೆಯ, ಎಲ್ಲವನ್ನೂ ಹೇಳಿದರು. "ನಿಮಗೆಲ್ಲ ಮುಖ ನೋಡಿ ಒಂದೊಂದು ಕೊನೆ ಹೇಳಿದೆ. ಇನ್ನಂಜೆಯವರ ಹೆಸರಲ್ಲಿ ಹೇಳಿದ್ದು ತಪ್ಪು. ಮಾಫ್ ಮಾಡಿ." ಕೊನೆಯ ಮಾತು ಹೇಳುವಾಗ ಅವರು ನೋಡಿದ್ದು ನಫೀಸಕ್ಕನನ್ನು ಮಾತ್ರ.

ಮೊದಲು ಸಿಡಿದದ್ದು ಜಲೀಲಾಕ. "ತನಿಯಣ್ಣ, ನೀವು ಹೇಳಿದ್ದು ಕೇಳಿ ನಾನು ಆವತ್ತೇ ಮನೆಗೆ ಹೋಗಿ ಇವಳ ಪೆಟ್ಟಿಗೆ ತಲೆ ಮೇಲೆ ಇಟ್ಟುಕೊಂಡು, ಊರಿಗೆ ಬೇಕಾದ್ರೆ ನಾನೇ ಹೊತ್ತು ಬಿಡ್ತೇನೆ, ಇಲ್ಲಿದ್ರೂ ನಾನೇ ಹೊರ್ತೇನೆ ಅಂತ ಹೇಳಿದ್ದು! ಅವತ್ತಿಂದ ಇವತ್ತಿನವರೆಗೆ ಇವಳಿಗೆ ಒಂದು ಬ್ಯಾಗ್ ಎತ್ತಲಿಕ್ಕೆ ಬಿಡ್ಲಿಲ್ಲ. ಏರ್‌ಪೋರ್ಟಲ್ಲಿ ಟ್ರಾಲಿ ಇದ್ರೂ ಹೊತ್ತದ್ದು! ಸೊಂಟ ಹೋಯ್ತು ನನ್ನದು!"

"ನಾನು ಆವತ್ತು ನಿಮ್ಮ ಅಂಗಡಿಯ ಎದುರಿನ ಬೂತಿಂದಲೇ ತಮ್ಮನಿಗೆ ಫೋನ್ ಮಾಡಿದೆ" ಎಂದರು ರೋಸ್‌ಮೇರಿ, ಸಿಟ್ಟು ಮಾಡಬೇಕೋ ಬೇಡವೋ ತಿಳಿಯದ ದನಿಯಲ್ಲಿ. "ಹೋದ ಕ್ರಿಸ್ಮಸ್ಸಿಗೆ ಅವನು ಇಲ್ಲಿಗೆ ಬಂದಿದ್ದ."

ಯಾರೋ ನಕ್ಕರು. ಮಾಮ ಮಾತ್ರ ಅಲುಗದೆ ನಿಂತಿದ್ದರು, ನಫೀಸಕ್ಕನ ಮಾತಿಗೆ ಕಾಯುತ್ತಾ. ನಾನೂ ಕಾಯುತ್ತಿದ್ದೆ.

ನಫೀಸಕ್ಕ ಸೆರಗು ಸರಿಮಾಡಿಕೊಂಡು ಎದ್ದರು. "ನಾನು ಈ ಸಿನಿಮಾ ಮದುವೆಗೆ ಮುಂಚೆಯೇ ನೋಡಿದ್ದೆ" ಎಂದರು. "ಪುತ್ತೂರಿನ ಟಾಕೀಸಲ್ಲಿ, ದೊಡ್ಡಮ್ಮನ ಮಗಳ ಜೊತೆ. ಪೂರ್ತಿ ನೋಡಿದ್ದೆ."

"ನೀನು ಟಾಕೀಸಿಗೆ ಹೋಗಿದ್ದೆಯಾ?" ಜಲೀಲಾಕನಿಗೆ ಪೆಟ್ಟಿಗೆಯೂ ಸೊಂಟವೂ ಮರೆತುಹೋದವು.

"ಹೊಲಿಗೆ ಕ್ಲಾಸಿಗೆ ಅಂತ ಹೇಳಿ ಹೋಗಿದ್ದೆ. ನೀವು ಸುಮ್ನಿರಿ." ಅವರು ಮಾಮನ ಕಡೆ ತಿರುಗಿದರು. "ದೇವಕಿ ಕಡವಲ್ಲೇ ಕೂತಿರ್ತಾಳೆ ಅಂತ ನನಗೆ ಗೊತ್ತಿತ್ತು ತನಿಯಣ್ಣ. ಇಲ್ಲಿಗೆ ಬಂದ ಮೇಲೆ ನಾನೂ ಹಾಗೇ ಕೂತಿದ್ದೆ. ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಅವಳು ಎದ್ದು ಎಲ್ಲಿಗೆ ಹೋದಳು ಅಂತ ಯಾರಾದ್ರೂ ಹೇಳ್ಲಿ ಅಂತ ಕೇಳ್ಲಿಕ್ಕೆ ಬಂದದ್ದು. ನೀವು ಹೇಳಿದ್ರಿ."

"ಸುಳ್ಳು ಅಂತ ಗೊತ್ತಿತ್ತಾ?" ಮಾಮ ಕೇಳಿದರು.

"ಗೊತ್ತಾಗದೆ ಇರ್ತದಾ? ಅವಳ ಹೋಟೆಲಿನ ಮೀನು ಸಾರಿಗೆ ಎಷ್ಟು ಹುಳಿ ಹಾಕ್ತಾಳೆ ಅಂತ ಸಹ ಹೇಳಿದ್ರಿ. ಸಿನಿಮಾದಲ್ಲಿ ಅದೆಲ್ಲ ತೋರಿಸ್ತಾರಾ?" ನಫೀಸಕ್ಕ ನಗುತ್ತಿದ್ದರು, ಕಣ್ಣು ತುಂಬಿತ್ತು. "ಇನ್ನಂಜೆಯವರ ಕೊನೆ ನನ್ನ ಹತ್ರ ಇತ್ತು. ನನಗೆ ಬೇಕಾಗಿದ್ದದ್ದು ನಿಮ್ಮದು. ಅದನ್ನೇ ಬೋರ್ಡಲ್ಲಿ ಹಾಕಿಸಿದ್ದು."

ಮಾಮ ಕೂತರು. ಕೂತವರು ಕನ್ನಡಕ ತೆಗೆದು ಇಸ್ತ್ರಿ ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು, ಮತ್ತೆ ತೆಗೆದರು. ನನಗೂ ಅಳು ಬಂತು, ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ರೋಸ್‌ಮೇರಿ ತಮ್ಮ ಒಣ ಕರವಸ್ತ್ರವನ್ನು ನನಗೆ ಕೊಟ್ಟರು.

ಆಮೇಲೆ ಆದ ಗದ್ದಲ ಹೇಳತೀರದು. ತೂಗುವ ಶುಕ್ರವಾರಕ್ಕೆ ಕಾಯುವ ತಾಳ್ಮೆ ಯಾರಿಗೂ ಇರಲಿಲ್ಲ. ಒಂದೇ ಸಿನಿಮಾ, ನಾಲ್ಕು ಕೊನೆ. ಇನ್ನಂಜೆಯವರ ಕೊನೆಯೇ ಮೇಲು, ಜೀವಮಾನದಲ್ಲಿ ಮೊದಲ ಸಲ ಅವಳು ಯಾರಿಗೂ ಬಡಿಸದೆ ತಾನೇ ಮೊದಲು ಉಂಡಳಲ್ಲ, ಅದಕ್ಕಿಂತ ಇನ್ನೇನು ಬೇಕು ಎಂದು ನಾನು ವಾದಿಸಿದೆ. ಯಾರೂ ಒಪ್ಪಲಿಲ್ಲ. ರೋಸ್‌ಮೇರಿ ಅಣ್ಣನನ್ನು ಬಿಟ್ಟುಕೊಡಲಿಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ಅಲ್ ಹಿಲಾಲಿನವರೊಬ್ಬರು ಹಿಂಜರಿಯುತ್ತಾ, ತಮಗೆ ಹೇಳಿದ್ದು ಐದನೆಯ ಕೊನೆ, ಅದರಲ್ಲಿ ದೇವಕಿ ಹೊಳೆಯನ್ನು ಈಜಿ ದಾಟುತ್ತಾಳೆ ಎಂದರು. "ನಿಮಗೆ ಆಗ ಡ್ರೈವಿಂಗ್ ಟೆಸ್ಟಿನ ಹೆದರಿಕೆ ಇತ್ತು" ಎಂದು ಮಾಮ ನೆನಪಿಸಿದರು. ಅವರು ತಲೆಯಾಡಿಸಿ ಕೂತುಕೊಂಡರು.

ಕಡೆಗೆ ಜಲೀಲಾಕ ಎದ್ದು ದೀಪ ಹಾಕಿ, "ನನ್ನ ಸರದಿ ಇನ್ನೂ ಮುಗೀಲಿಲ್ಲ. ಕಟ್ಟು ಬದಲಾಯ್ತು" ಎಂದರು. "ಈ ತಿಂಗಳ ಡೈರೆಕ್ಟರ್ ತನಿಯಣ್ಣ."

"ಅವರು ಒಂದು ಸಿನಿಮಾವನ್ನೂ ಮಾಡಿಲ್ಲ"  ಎಂದೆ, ಸುಮ್ಮನೆ, ಜಗಳ ತಪ್ಪಬಾರದೆಂದು.

"ಕೈ ಯಾರದ್ದು ಅಂತ ಕೇಳ್ಬೇಕು ಅಂತ ನಾನು ಎರಡು ವರ್ಷದಿಂದ ಹೇಳ್ತಾ ಇಲ್ವಾ?" ಎಂದರು. ನಾನು ಸೋತು ಕೂತದ್ದನ್ನು ಅವರು ಮೊಬೈಲಿನಲ್ಲಿ ಫೋಟೊ ತೆಗೆದು ಗುಂಪಿನ ವಾಟ್ಸಾಪಿಗೆ ಹಾಕಿದ್ದಾರೆ.

ಈ ಶುಕ್ರವಾರ ‘ಉಪ್ಪಿನ ಚೀಲ’ ಹಾಕಿದರು. ಪ್ರಿಂಟು ಪೂರ್ತಿ ಇದ್ದರೂ, ಹಿಂದೆ ಕ್ಯಾಸೆಟ್ಟು ಮುಗಿಯುತ್ತಿದ್ದ ಜಾಗಕ್ಕೆ ಬಂದಾಗ ಜಲೀಲಾಕ ನಿಲ್ಲಿಸಿದರು. ಪರದೆಯ ಮೇಲೆ ಚೀಲ ಹೊತ್ತವನೊಬ್ಬ ಎರಡು ದಾರಿ ಕೂಡುವಲ್ಲಿ ನಿಂತಿದ್ದ. ನಫೀಸಕ್ಕ ದೀಪ ಹಾಕಿದರು. ಎಲ್ಲರೂ ಕೈ ಇರುವ ಕುರ್ಚಿಯತ್ತ ತಿರುಗಿದರು.

ಮಾಮ ಸಭೆಯನ್ನೆಲ್ಲ ಒಮ್ಮೆ ನೋಡಿ, "ಯಾರಿಗೆ ಹೇಳ್ಬೇಕು?" ಎಂದು ಕೇಳಿದರು.

"ನನಗೆ" ಎಂದೆ ನಾನು, ಬೇರೆಯವರು ಬಾಯಿ ತೆರೆಯುವ ಮೊದಲೇ. "ನನಗೆ ಇಷ್ಟು ವರ್ಷ ಒಂದೂ ಸಿಕ್ಕಿಲ್ಲ ಮಾಮ."

ಮಾಮ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದರು. ಕನ್ನಡಕ ಮೇಲೆತ್ತಿಕೊಂಡು, ಕ್ಯಾಸೆಟ್ ವಾಪಸ್ ತಂದವರನ್ನು ಹಿಂದೆ ಹೇಗೆ ನೋಡುತ್ತಿದ್ದರೋ ಹಾಗೆ, ಯಾವ ಅವಸರವೂ ಇಲ್ಲದೆ ನನ್ನ ಮುಖ ನೋಡತೊಡಗಿದರು.